ಲಾರಿಯ ಮೇಲಿನ ಎರಡು ಹೆಸರು

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ, ನೆಲಮಂಗಲ ಇನ್ನೂ ಸ್ವಲ್ಪ ದೂರವಿರುವಾಗಲೇ, ಮಾಕಳಿ ಎಂಬ ಊರು ಸಿಕ್ಕುತ್ತದೆ. ನೀವು ಬಸ್ಸಿನಲ್ಲಿ ಆ ದಾರಿಯಾಗಿ ಹೋದವರಾದರೆ ಊರನ್ನು ಗಮನಿಸದೆ ಇದ್ದಿರಬಹುದು. ಲಾರಿಗಳನ್ನು ಮಾತ್ರ ಗಮನಿಸದೆ ಇರಲಾರಿರಿ. ಪುಣೆ ಮುಂಬಯಿಗಳ ಕಡೆಯಿಂದ ಬರುವವು, ಹಾಸನ ಮಂಗಳೂರುಗಳ ಕಡೆಯಿಂದ ಬಂದು ನೆಲಮಂಗಲದಲ್ಲಿ ಈ ರಸ್ತೆಗೆ ಕೂಡಿಕೊಳ್ಳುವವು, ಯಶವಂತಪುರದ ಮಂಡಿಗಳಿಗೂ ಪೀಣ್ಯದ ಕಾರ್ಖಾನೆಗಳಿಗೂ ಸರಕು ಹೊತ್ತವು, ಸರಕಿಗಾಗಿ ಕಾದು ಬದಿಯಲ್ಲಿ ನಿಂತವು, ಹೀಗೆ ಹಗಲಿರುಳೂ ಸಾಲು ಮುರಿಯುವುದಿಲ್ಲ. ಮುಂದಿನ ಸಲ ಹೋದಾಗ ನಿಂತ ಲಾರಿಯೊಂದರ ಪಕ್ಕಕ್ಕೆ ಹೋಗಿ ನೋಡಿ. ನೆತ್ತಿಯ ಮೇಲೆ ಮನೆದೇವರ ಹೆಸರೋ ಮಕ್ಕಳ ಹೆಸರೋ ದಪ್ಪಕ್ಷರದಲ್ಲಿ ಇರುತ್ತದೆ. ಬಾಗಿಲಿನ ಮೇಲೆ ಮಾಲಿಕನ ಹೆಸರು, ಊರು. ಬಹಳ ಲಾರಿಗಳಲ್ಲಿ ಅದರ ಹತ್ತಿರವೇ, ಸಣ್ಣ ಅಕ್ಷರಗಳಲ್ಲಿ, ಇನ್ನೊಂದು ಹೆಸರು ಇರುತ್ತದೆ: ಸಾಲ ಕೊಟ್ಟ ಸಂಸ್ಥೆಯದು.

ಈ ಎರಡು ಹೆಸರುಗಳಲ್ಲಿ ಲಾರಿ ಯಾರಿಗೆ ಸೇರಿದ್ದು? ಇದು ಕುಚೋದ್ಯದ ಪ್ರಶ್ನೆಯಲ್ಲ. ಹತ್ತು ಹನ್ನೆರಡು ವರ್ಷ ಬೇರೆಯವರ ಲಾರಿ ಓಡಿಸಿದ ಚಾಲಕನೊಬ್ಬನನ್ನು ಊಹಿಸಿಕೊಳ್ಳಿ. ಸಂಬಳ, ಬಾಟಾ, ಚೀಟಿ, ಹೆಂಡತಿಯ ಒಡವೆ ಎಲ್ಲ ಸೇರಿ ಅವನ ಕೈಯಲ್ಲಿ ಒಂದಿಷ್ಟು ಹಣವಾಗಿದೆ. ಹೊಸ ಲಾರಿ ಕೊಳ್ಳುವ ಶಕ್ತಿ ಇಲ್ಲ. ಹಳೆಯದೊಂದನ್ನು ಕೊಂಡು ತಾನೇ ಚಾಲಕ, ತಾನೇ ಧಣಿ ಆಗಬೇಕೆಂಬ ಆಸೆ. ಚಹದಂಗಡಿಯಲ್ಲಿ ಈ ಮಾತು ತೆಗೆದರೆ ಸಾಕು, ಸಲಹೆಗೆ ಕೊರತೆಯಿಲ್ಲ. "ಸಾಲದ ಸಹವಾಸವೇ ಬೇಡ ಅಣ್ಣ, ಕೈಯಲ್ಲಿ ಎಷ್ಟಿದೆಯೋ ಅಷ್ಟಕ್ಕೆ ತಗೊ" ಎನ್ನುತ್ತಾನೆ ಒಬ್ಬ. "ಪೂರ್ತಿ ದುಡ್ಡು ಕೂಡೋ ಹೊತ್ತಿಗೆ ನಿನಗೆ ವಯಸ್ಸಾಗಿರುತ್ತೆ. ಲಾರಿ ದುಡಿದು ತನ್ನ ಸಾಲ ತಾನೇ ತೀರಿಸುತ್ತೆ ಬಿಡು" ಎನ್ನುತ್ತಾನೆ ಇನ್ನೊಬ್ಬ. ಇಬ್ಬರೂ ಅನುಭವದಿಂದಲೇ ಆಡುವ ಮಾತು. ಆದರೆ ಈ ವಾದಕ್ಕೆ ನಮ್ಮ ನಾಡಿನಲ್ಲಿ ಒಂದು ಚರಿತ್ರೆಯೇ ಇದೆ. ಅದನ್ನು ತಿಳಿದವನಿಗೆ ಉತ್ತರ ಹೇಳುವುದು ಅಷ್ಟು ಸುಲಭವಾಗಲಾರದು; ಹೇಳಿದ ಉತ್ತರ ಮಾತ್ರ ಹೆಚ್ಚು ಕಾಲ ಬಾಳುತ್ತದೆ.

ಲಾರಿ ಬರುವುದಕ್ಕೆ ಮೊದಲು ಈ ಸೀಮೆಯ ಸರಕು ಹೊತ್ತವು ಎತ್ತುಗಳು. ಲಂಬಾಣಿಗಳು ಹೇರೆತ್ತುಗಳ ಬೆನ್ನಿನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಊರೂರು ದಾಟುತ್ತಿದ್ದರು. ದಾರಿಗಳು ಸುಧಾರಿಸಿದಂತೆ ಜೋಡೆತ್ತಿನ ಬಂಡಿಗಳು ಬಂದವು. ೧೮೭೬-೭೮ರ ಘೋರ ಕ್ಷಾಮದಲ್ಲಿ ಧಾನ್ಯವನ್ನು ಒಳನಾಡಿಗೆ ಮುಟ್ಟಿಸುವುದು ಎಷ್ಟು ಕಷ್ಟವೆಂಬುದು ಕಂಡಮೇಲೆ ಮೈಸೂರು ಸಂಸ್ಥಾನ ರೈಲುದಾರಿಗಳಿಗೆ ಕೈಹಾಕಿತು. ೧೮೮೪ರಲ್ಲಿ ಬೆಂಗಳೂರಿಗೂ ತುಮಕೂರಿಗೂ ರೈಲು ಓಡಿತು. ಆದರೂ ಸ್ಟೇಷನ್ನಿನಿಂದ ಸಂತೆಗೆ, ಸಂತೆಯಿಂದ ಮಂಡಿಗೆ ಸರಕು ಒಯ್ಯುವುದಕ್ಕೆ ಬಂಡಿ ಬೇಕೇ ಬೇಕಿತ್ತು. ಬಂಡಿಯವನೂ ಒಬ್ಬ ಚಾಲಕ-ಮಾಲಿಕನೇ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಂಥ ಕಡೆ ಅವನು ಎತ್ತು ಕೊಳ್ಳುತ್ತಿದ್ದ. ಕೈಯಲ್ಲಿ ಹಣ ಸಾಲದಿದ್ದರೆ ಸಾಲಮಾಡಿಯೂ ಕೊಳ್ಳುತ್ತಿದ್ದ. ಬಡ್ಡಿ ಕಡಿಮೆಯೇನೂ ಇರಲಿಲ್ಲ. ಆದರೆ ರೈತನ ಸಾಲಕ್ಕೆ ಒಂದು ಗುಣವಿತ್ತು: ಅದರ ವಾಯಿದೆ ಸುಗ್ಗಿಯನ್ನು ನೋಡಿಕೊಂಡು ನಡೆಯುತ್ತಿತ್ತು. ಹಣ ಬರುವ ಕಾಲ ಯಾವುದೋ ಹಣ ಕೊಡುವ ಕಾಲವೂ ಸಾಧಾರಣವಾಗಿ ಅದೇ. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಲಾರಿ ಸಾಮಾನ್ಯರ ಕೈಗೆ ಬರತೊಡಗಿದ್ದು ಎರಡನೆಯ ಮಹಾಯುದ್ಧದ ಅನಂತರ. ಯುದ್ಧ ಮುಗಿದಾಗ ಸೈನ್ಯದ ಹೆಚ್ಚುವರಿ ವಾಹನಗಳು ವಿಲೇವಾರಿಗೆ ಬಂದವು. ಅವುಗಳನ್ನು ಕೊಂಡು ರಿಪೇರಿಮಾಡಿ ಮರದ ಮೈ ಕಟ್ಟಿ ಓಡಿಸಿದವರು ದೇಶದ ತುಂಬ ಇದ್ದರು. ಹೀಗೆ ನಮ್ಮಲ್ಲಿ ಲಾರಿಯ ಕಸಬು ಬಹುಮಟ್ಟಿಗೆ 'ಹಳೆಯ ಲಾರಿ'ಯಿಂದಲೇ ಬೆಳೆಯಿತು. ೧೯೪೮ರಲ್ಲಿ ಮೈಸೂರು ಸರಕಾರ ರಸ್ತೆ ಸಾರಿಗೆ ಇಲಾಖೆಯನ್ನು ತೆರೆದು ಬಸ್ಸುಗಳನ್ನು ತಾನೇ ನಡೆಸತೊಡಗಿತು. ಸರಕಿನ ಲಾರಿಗಳನ್ನು ಮಾತ್ರ ಖಾಸಗಿಯವರಿಗೆ ಬಿಟ್ಟಿತು. ೧೯೫೪ರಲ್ಲಿ ಜಮ್‌ಶೆಡ್‌ಪುರದ ಟೆಲ್ಕೋ ಕಾರ್ಖಾನೆಯಿಂದ ಟಾಟಾ-ಮರ್ಸಿಡಿಸ್ ಲಾರಿ ಹೊರಬಂತು. ೧೯೪೮ರಲ್ಲಿ ಮದರಾಸಿನಲ್ಲಿ ಆರಂಭವಾಗಿದ್ದ ಅಶೋಕ್ ಮೋಟಾರ್ಸ್ ೧೯೫೫ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ರಸ್ತೆ ಸಾರಿಗೆಯನ್ನು ಕುರಿತು ವಿಚಾರಿಸಿದ ಮಸಾನಿ ಸಮಿತಿ ೧೯೫೯ರಲ್ಲಿ ವರದಿ ಕೊಟ್ಟಾಗ ಈ ಕಸಬಿನ ಬಹುಭಾಗ ಒಂದೆರಡು ವಾಹನಗಳ ಸಣ್ಣ ಮಾಲಿಕರ ಕೈಯಲ್ಲಿದೆ ಎಂಬುದನ್ನು ಎತ್ತಿ ತೋರಿಸಿತು. ಅವರು ಒಗ್ಗೂಡಿ ದೊಡ್ಡ ಘಟಕಗಳಾಗಬೇಕೆಂದು ಬಯಸಿತು. ಆ ಬಯಕೆ ಕೈಗೂಡಲಿಲ್ಲ. ಇಂದಿಗೂ ಮಾಕಳಿಯ ರಸ್ತೆಯಲ್ಲಿ ನೀವು ನೋಡುವ ಲಾರಿಗಳಲ್ಲಿ ಒಂಟಿ ಮಾಲಿಕರವು ಬೇಕಾದಷ್ಟಿವೆ.

ಸಣ್ಣ ಮಾಲಿಕ, ದೊಡ್ಡ ಬೆಲೆಯ ವಾಹನ. ಈ ಅಂತರವನ್ನು ತುಂಬುವವರು ಯಾರು? ಬ್ಯಾಂಕುಗಳು ಆಗ ವರ್ತಕನಿಗೆ ಸರಕಿನ ಮೇಲೆ, ಜಮೀನಿನವನಿಗೆ ಪತ್ರದ ಮೇಲೆ ಸಾಲ ಕೊಡುತ್ತಿದ್ದವೇ ಹೊರತು, ಊರಿಂದೂರಿಗೆ ಓಡಿಹೋಗಬಲ್ಲ ವಸ್ತುವಿನ ಮೇಲೆ ಕೊಡಲು ಹೆದರುತ್ತಿದ್ದವು. ಹಣ ಕೈಬದಲಾಯಿಸುತ್ತಿದ್ದುದು ಹುಂಡಿಯ ಮೇಲೆ, ಪ್ರಾಮಿಸರಿ ನೋಟಿನ ಮೇಲೆ, ಬಾಯಿಮಾತಿನ ಮೇಲೆ. ಅಂಥ ಕಾಲದಲ್ಲಿ, ೧೯೫೪ರಲ್ಲಿ, ಟಿ.ವಿ.ಎಸ್. ಮನೆತನದ ಟಿ.ಎಸ್. ಸಂತಾನಂ ಅವರು ಮದರಾಸಿನಲ್ಲಿ ೨ ಲಕ್ಷ ರೂಪಾಯಿ ಬಂಡವಾಳದೊಡನೆ ಸುಂದರಂ ಫೈನಾನ್ಸ್ ಎಂಬ ಸಂಸ್ಥೆಯನ್ನು ತೆರೆದರು. ಬಸ್ಸು ಲಾರಿಗಳನ್ನು ಕಂತಿನ ಮೇಲೆ ಕೊಡಿಸುವುದು ಅದರ ಕೆಲಸ. ದಕ್ಷಿಣದ ರಸ್ತೆಗಳಲ್ಲಿ ಲಾರಿಯ ಮೇಲೆ ಎರಡನೆಯ ಹೆಸರು ಬರೆಯುವ ಕಾಲ ಹೀಗೆ ಬಂತು.

ಆ ಏರ್ಪಾಟಿನ ಹೆಸರು 'ಹೈರ್ ಪರ್ಚೇಸ್', ಎಂದರೆ ಬಾಡಿಗೆ-ಖರೀದಿ. ಲಾರಿಯವರ ಬಾಯಲ್ಲಿ ಅದು ಬರಿಯ 'ಎಚ್.ಪಿ.' ಆಯಿತು. ಅದರ ಹುಟ್ಟು ಲಾರಿಗಳಲ್ಲಿ ಆಗಿರಲಿಲ್ಲ. ಹೊಲಿಗೆಯಂತ್ರ, ಪಿಯಾನೊ ಮೊದಲಾದ ವಸ್ತುಗಳನ್ನು ಒಮ್ಮೆಗೇ ಬೆಲೆಕೊಟ್ಟು ಕೊಳ್ಳಲಾರದ ಮನೆಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಪಶ್ಚಿಮದ ವರ್ತಕರು ಕಂತಿನ ಮೇಲೆ ಕೊಡತೊಡಗಿದ್ದರು. ಇಂಗ್ಲೆಂಡಿನಲ್ಲಿ ಒಬ್ಬಾತ ಹೀಗೆ ತಂದ ಪಿಯಾನೊವನ್ನು, ಕಂತುಗಳು ಮುಗಿಯುವ ಮೊದಲೇ, ಗಿರವಿ ಅಂಗಡಿಯಲ್ಲಿ ಇಟ್ಟುಬಿಟ್ಟ. ಪಿಯಾನೊ ಗಿರವಿಯವನಿಗೋ ವರ್ತಕನಿಗೋ? ೧೮೯೫ರಲ್ಲಿ 'ಹೆಲ್ಬಿ ವಿರುದ್ಧ ಮ್ಯಾಥ್ಯೂಸ್' ಎಂಬ ವ್ಯಾಜ್ಯದಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು: ಕೊನೆಯ ಕಂತು ಸಲ್ಲುವವರೆಗೆ ಬಳಸುವವನು ಬರಿಯ ಬಾಡಿಗೆದಾರ, ಕೊಳ್ಳಲೇಬೇಕೆಂಬ ಕಟ್ಟೂ ಅವನಿಗಿಲ್ಲ, ಮಾರುವ ಹಕ್ಕೂ ಅವನಿಗಿಲ್ಲ, ವಸ್ತು ವರ್ತಕನದು. ಇಂಗ್ಲೆಂಡಿನ ಪಿಯಾನೊ ಒಂದರ ಮೇಲೆ ಕಟ್ಟಿದ ಈ ನ್ಯಾಯ ಸಮುದ್ರ ದಾಟಿ ಬಂದು ತುಮಕೂರು ರಸ್ತೆಯ ಲಾರಿಯ ಮೇಲೆ ಕುಳಿತಿತು. ಪಿಯಾನೊ ನುಡಿಸಿದರೆ ಮನೆಯವರಿಗೆ ಸಂತೋಷ; ನಿಂತರೆ ನಷ್ಟವಿಲ್ಲ. ಲಾರಿ ನಿಂತರೆ ಒಲೆಯೇ ಉರಿಯುವುದಿಲ್ಲ. ಈ ವ್ಯತ್ಯಾಸವನ್ನು ಆ ನ್ಯಾಯ ಕಂಡಿರಲಿಲ್ಲ.

ನಮ್ಮ ನ್ಯಾಯಾಲಯಗಳು ಕಣ್ಣುಮುಚ್ಚಿ ಕುಳಿತಿರಲಿಲ್ಲ. ಸುಂದರಂ ಫೈನಾನ್ಸಿಗೂ ಕೇರಳ ಸರಕಾರಕ್ಕೂ ನಡೆದ ಮಾರಾಟತೆರಿಗೆಯ ವ್ಯಾಜ್ಯದಲ್ಲಿ, ೧೯೬೬ರಲ್ಲಿ ವರದಿಯಾದ ತೀರ್ಪಿನಲ್ಲಿ, ಸರ್ವೋಚ್ಚ ನ್ಯಾಯಾಲಯ ಕಾಗದದ ಹಿಂದೆ ಇಣುಕಿ ನೋಡಿತು. ಹೆಸರಿಗೆ ಬಾಡಿಗೆ-ಖರೀದಿಯಾದರೂ ವ್ಯವಹಾರದ ಹುರುಳು ಸಾಲವೇ, ಪತ್ರ ಬರಿಯ ಭದ್ರತೆಗಾಗಿ ಎಂದು ಬಹುಮತದ ನ್ಯಾಯಾಧೀಶರು ಅಭಿಪ್ರಾಯಪಟ್ಟರು. ೧೯೭೨ರಲ್ಲಿ ಸಂಸತ್ತು ಬಾಡಿಗೆ-ಖರೀದಿಯನ್ನು ಕುರಿತು ಒಂದು ಕಾಯಿದೆಯನ್ನೇ ಮಾಡಿತು. ಬೆಲೆಯ ಗೊತ್ತಾದ ಒಂದು ಭಾಗ ಸಂದಮೇಲೆ ನ್ಯಾಯಾಲಯದ ಮೂಲಕವಲ್ಲದೆ ವಸ್ತುವನ್ನು ಹಿಂದಕ್ಕೆ ಎಳೆದುಕೊಳ್ಳಕೂಡದು ಎಂಬ ನಿಯಮ ಅದರಲ್ಲಿ ಇತ್ತು. ಮುಕ್ಕಾಲುಪಾಲು ಕಂತು ಕಟ್ಟಿದವನ ಲಾರಿಯನ್ನು ಒಂದು ರಾತ್ರಿ ರಸ್ತೆಯ ಬದಿಯಿಂದ ಒಯ್ಯುವುದಕ್ಕೆ ಅದು ಅಡ್ಡಗಟ್ಟೆಯಾಗಬಹುದಿತ್ತು. ಆದರೆ ಆ ಕಾಯಿದೆ ಜಾರಿಗೆ ಬರಲೇ ಇಲ್ಲ. ಮೂರು ದಶಕ ಕಾಗದದಲ್ಲಿಯೇ ಮಲಗಿದ್ದು, ೨೦೦೫ರಲ್ಲಿ ರದ್ದಾಯಿತು. ಎಷ್ಟು ಜನ ಲಾರಿ ಮಾಲಿಕರಿಗೆ ತಮಗಾಗಿ ಅಂಥದೊಂದು ಕಾಯಿದೆ ಹುಟ್ಟಿ ಸತ್ತಿತೆಂಬುದು ತಿಳಿದಿದೆ?

ಈ ನಡುವೆ ಬ್ಯಾಂಕುಗಳ ಕಡೆ ಏನಾಯಿತು ನೋಡೋಣ. ಸಣ್ಣವರ ಕಾಸು ಕೂಡಿಸುವ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ಉಡುಪಿಯಲ್ಲಿ ೧೯೨೫ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕಾದ ಸಂಸ್ಥೆ ೧೯೨೮ರಲ್ಲಿಯೇ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಗೂಲಿಯವನ ಮನೆಬಾಗಿಲಿಗೆ ಹೋಗಿ ಚಿಲ್ಲರೆ ಕಾಸನ್ನು ಕೂಡಿಸಿತು. ಕೊಡುವ ವಿದ್ಯೆ ನಿಧಾನವಾಗಿ ಬಂತು. ೧೯೬೯ರ ಜುಲೈ ೧೯ರಂದು ೧೪ ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಆಮೇಲೆ ರೈತ, ಸಣ್ಣ ಕೈಗಾರಿಕೆಯವನು, ಇವರೊಂದಿಗೆ ಸಣ್ಣ ಸಾರಿಗೆ ಮಾಲಿಕನೂ ಆದ್ಯತೆಯ ಪಟ್ಟಿಗೆ ಸೇರಿದ. ಆದರೆ ಹಳೆಯ ಲಾರಿ ಕೊಳ್ಳುವವನಿಗೆ ಬ್ಯಾಂಕಿನ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ವಾಹನಕ್ಕೆ ವಯಸ್ಸಾಗಿದೆ, ಬೆಲೆಗೆ ಪಟ್ಟಿಯಿಲ್ಲ, ಕೊಳ್ಳುವವನಿಗೆ ವರಮಾನದ ಪತ್ರವಿಲ್ಲ. ಅವನಿಗೆ ಉಳಿದದ್ದು ಕೈಸಾಲ. ಆ ಕಡೆಗೆ ಕಣ್ಣುಹಾಯಿಸಿದವರು ಆರ್. ತ್ಯಾಗರಾಜನ್ ಮತ್ತು ಅವರ ಸಂಗಡಿಗರು. ೧೯೭೪ರಲ್ಲಿ ಮದರಾಸಿನಲ್ಲಿ ಚೀಟಿ ಸಂಸ್ಥೆಯಾಗಿ ಆರಂಭಿಸಿ, ೧೯೭೯ರಲ್ಲಿ ಶ್ರೀರಾಮ್ ಟ್ರಾನ್ಸ್‌ಪೋರ್ಟ್ ಫೈನಾನ್ಸ್ ಸಂಸ್ಥೆಯನ್ನು ಕಟ್ಟಿ, ಮುಖ್ಯವಾಗಿ ಹಳೆಯ ಲಾರಿಗಳಿಗೇ ಸಾಲ ಕೊಡುವ ಕಸಬನ್ನು ಬೆಳೆಸಿದರು. ಅದು ೨೦೨೨ರಲ್ಲಿ ಶ್ರೀರಾಮ್ ಫೈನಾನ್ಸ್ ಎಂಬ ಒಂದೇ ಸಂಸ್ಥೆಯಲ್ಲಿ ವಿಲೀನವಾಯಿತು. ಕಾಗದವಿಲ್ಲದವನಿಗೆ ಅವನ ಕಸಬನ್ನೂ ಲಾರಿಯನ್ನೂ ನೋಡಿ ಸಾಲ ಕೊಡಬಹುದೆಂಬುದನ್ನು ಈ ಬಗೆಯ ಸಂಸ್ಥೆಗಳು ತೋರಿಸಿದವು. ಕಂತಿನ ಸಾಲವನ್ನು ಬರಿಯ ಪಿಡುಗೆಂದು ಬಯ್ಯುವವರು ಇದನ್ನು ಮರೆಯಬಾರದು. ಬಾಡಿಗೆ ಚಾಲಕರಾಗಿಯೇ ಮುದುಕರಾಗಬೇಕಾಗಿದ್ದ ಎಷ್ಟೋ ಜನ ಮಾಲಿಕರಾದದ್ದು ಕಂತಿನಿಂದಲೇ.

ಆದರೆ ಕಂತಿಗೆ ಬೆಲೆ ಇದೆ. ಅದನ್ನು ಲೆಕ್ಕಹಾಕುವ ರೀತಿಯಲ್ಲಿಯೇ ಒಂದು ಮರೆ ಇದೆ. ಉದಾಹರಣೆಗೆ ಹಳೆಯ ಲಾರಿಯೊಂದರ ಬೆಲೆ ೧೦ ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಕೈಯಿಂದ ೩ ಲಕ್ಷ ಕೊಟ್ಟು ೭ ಲಕ್ಷ ಸಾಲ ತೆಗೆದು ೩೬ ಕಂತುಗಳಲ್ಲಿ ತೀರಿಸುವುದು. "ಬಡ್ಡಿ ವರ್ಷಕ್ಕೆ ನೂರಕ್ಕೆ ಹತ್ತೇ, ಫ್ಲ್ಯಾಟ್" ಎನ್ನುತ್ತಾರೆ. ವರ್ಷಕ್ಕೆ ೭೦ ಸಾವಿರ, ಮೂರು ವರ್ಷಕ್ಕೆ ೨ ಲಕ್ಷ ೧೦ ಸಾವಿರ. ಒಟ್ಟು ೯ ಲಕ್ಷ ೧೦ ಸಾವಿರ. ತಿಂಗಳ ಕಂತು ಸುಮಾರು ೨೫,೨೭೮ ರೂಪಾಯಿ. ಮೇಲ್ನೋಟಕ್ಕೆ ಸರಿಯಾದ ಲೆಕ್ಕ. ಆದರೆ ತಿಂಗಳು ತಿಂಗಳು ಅಸಲು ಕರಗುತ್ತ ಬರುತ್ತದಲ್ಲ! ಕೊನೆಯ ವರ್ಷ ಅಸಲು ಮೂರು ಲಕ್ಷಕ್ಕಿಂತ ಕೆಳಗಿಳಿದಿದ್ದರೂ ಬಡ್ಡಿ ಬೀಳುವುದು ಏಳು ಲಕ್ಷದ ಮೇಲೆಯೇ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿ ಲೆಕ್ಕ ಕಟ್ಟಿದರೆ ಇದೇ ಕಂತಿಗೆ ಬಡ್ಡಿಯ ದರ ನೂರಕ್ಕೆ ಸುಮಾರು ಹದಿನೆಂಟಾಗುತ್ತದೆ. ಆದ್ದರಿಂದ ಯಾರಾದರೂ ದರ ಹೇಳಿದರೆ ನೀವು ಮೊದಲು ಕೇಳಬೇಕಾದ್ದು "ಫ್ಲ್ಯಾಟೋ, ಇಳಿಯುವ ಅಸಲಿನ ಮೇಲೋ?" ಎಂದು. ಎರಡನೆಯದಾಗಿ, ಕಡತದ ಶುಲ್ಕ, ವಿಮೆ, ತಡವಾದರೆ ದಂಡ ಎಲ್ಲ ಸೇರಿ ಒಟ್ಟು ಎಷ್ಟು ಕಟ್ಟಬೇಕು ಎಂದು.

ಹಾಗಾದರೆ ನಗದು ಕೊಟ್ಟವನೇ ಗೆದ್ದ ಎಂದುಕೊಳ್ಳುವಿರಿ. ಇನ್ನೊಂದು ಲೆಕ್ಕ ನೋಡಿ. ಕೂಡಿಸಿದ್ದ ೧೦ ಲಕ್ಷವನ್ನೂ ಎಣಿಸಿ ಕೊಟ್ಟು ಒಬ್ಬ ಲಾರಿ ತಂದ. ಬಡ್ಡಿಯ ೨ ಲಕ್ಷ ೧೦ ಸಾವಿರ ಉಳಿಯಿತೆಂದು ಮನೆಯವರಿಗೆ ಸಂತೋಷ. ಮೂರನೆಯ ತಿಂಗಳು ಇಂಜಿನ್ ಕೈಕೊಟ್ಟಿತು; ಇಲ್ಲವೆ ಟಯರುಗಳು ಒಟ್ಟಿಗೇ ಸವೆದವು. ಹಳೆಯ ಲಾರಿ ಎಂದಮೇಲೆ ಇದು ಅನಿರೀಕ್ಷಿತವೇನಲ್ಲ. ಒಂದೂವರೆ ಲಕ್ಷ ಬೇಕು, ಕೈಯಲ್ಲಿ ಕಾಸಿಲ್ಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ಕೈಸಾಲ ತಂದರೆ ತಿಂಗಳಿಗೆ ೪,೫೦೦ ಬಡ್ಡಿ, ವರ್ಷಕ್ಕೆ ೫೪ ಸಾವಿರ. ದರ ನೂರಕ್ಕೆ ಮೂವತ್ತಾರು, ಅಸಲು ಹಾಗೆಯೇ ಕುಳಿತಿರುತ್ತದೆ. ಹದಿನೆಂಟನ್ನು ತಪ್ಪಿಸಿಕೊಳ್ಳಲು ಹೋಗಿ ಮೂವತ್ತಾರಕ್ಕೆ ಸಿಕ್ಕಿಬಿದ್ದಂತಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಮಲಗಿರುವವನಿಗೆ ಸರಿ. ಲಾರಿಯವನಿಗೆ ಹಾಸಿಗೆಯಲ್ಲಿ ಸ್ವಲ್ಪ ಜಾಗ ಖಾಲಿಯೇ ಇರಬೇಕು.

ಇಷ್ಟು ಲೆಕ್ಕವಾದಮೇಲೂ ಚರಿತ್ರೆ ಕಲಿಸಿದ ದೊಡ್ಡ ಪಾಠ ಇನ್ನೂ ಬಾಕಿ ಇದೆ. ಅದಕ್ಕಾಗಿ ಮಾಕಳಿಯಿಂದ ಇದೇ ಹೆದ್ದಾರಿ ಹಿಡಿದು ತುಮಕೂರು, ಚಿತ್ರದುರ್ಗ ದಾಟಿ, ಹೊಸಪೇಟೆ ಸಂಡೂರುಗಳ ಕಡೆಗೆ ಹೋಗಬೇಕು. ಈ ಶತಮಾನದ ಮೊದಲ ದಶಕದಲ್ಲಿ ಚೀನದ ಉಕ್ಕಿನ ಕಾರ್ಖಾನೆಗಳಿಗೆ ಕಬ್ಬಿಣದ ಅದಿರಿನ ಹಸಿವು ಕೆರಳಿದಾಗ ಬಳ್ಳಾರಿಯ ಕೆಂಪುಮಣ್ಣಿಗೆ ಬಂದ ಬೆಲೆ ನಿಮಗೆ ನೆನಪಿರಬಹುದು. ಕಾರವಾರ, ಬೇಲೆಕೇರಿ, ಮಂಗಳೂರುಗಳ ಕಡೆಗೆ ಅದಿರಿನ ಲಾರಿಗಳು ಬಾಲಕ್ಕೆ ಬಾಲ ಹತ್ತಿ ಓಡಿದವು. ಹೊಲ ಮಾರಿ, ಒಡವೆ ಅಡವಿಟ್ಟು ಮುಂಗಡ ಕಟ್ಟಿ, ಉಳಿದದ್ದನ್ನು ಕಂತಿಗೆ ಬಿಟ್ಟು ಲಾರಿ ತಂದವರು ಆ ಸೀಮೆಯಲ್ಲಿ ಊರೂರಿಗೂ ಇದ್ದರು. ಬಾಡಿಗೆ ಬರುತ್ತಿದ್ದಷ್ಟು ದಿನ ಕಂತು ಭಾರವೆನಿಸಲಿಲ್ಲ. ಒಂದು ಲಾರಿಯ ಕಂತು ಮುಗಿಯುವ ಮೊದಲೇ ಎರಡನೆಯದನ್ನು ತಂದವರೂ ಉಂಟು.

೨೦೧೦ರ ಜುಲೈ ತಿಂಗಳಲ್ಲಿ ರಾಜ್ಯ ಸರಕಾರ ಅದಿರಿನ ರಫ್ತಿಗೆ ತಡೆಹಾಕಿತು. ೨೦೧೧ರ ಜುಲೈ ೨೭ರಂದು ಲೋಕಾಯುಕ್ತ ಸಂತೋಷ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿಯನ್ನು ಒಪ್ಪಿಸಿದರು. ಎರಡೇ ದಿನಗಳಲ್ಲಿ, ಜುಲೈ ೨೯ರಂದು, ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಆಜ್ಞೆ ವಿಸ್ತರಿಸಿತು. ಕಾಡು, ನೀರು, ಕಾನೂನು ಮೂರನ್ನೂ ಉಳಿಸುವುದಕ್ಕೆ ಆ ಆಜ್ಞೆ ಬೇಕಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಗಣಿಯ ಒಡೆತನವಿಲ್ಲದ, ಅದಿರಿನ ಲಾಭದಲ್ಲಿ ಪಾಲಿಲ್ಲದ ಲಾರಿಯವನ ಸ್ಥಿತಿ ಏನಾಯಿತು? ಲಾರಿ ನಿಂತಿತು, ಕಂತು ನಿಲ್ಲಲಿಲ್ಲ. ಸಾಲದ ಲಾರಿಗಳನ್ನು ಫೈನಾನ್ಸಿನವರು ಒಯ್ದರು. ಮಾರಿ ಸಾಲ ತೀರಿಸೋಣವೆಂದರೆ ಎಲ್ಲರೂ ಒಟ್ಟಿಗೇ ಮಾರಲು ನಿಂತಾಗ ಕೊಳ್ಳುವವರು ಯಾರು? ಬೆಲೆ ಬಿದ್ದುಹೋಗಿ, ಲಾರಿ ಹೋದಮೇಲೂ ಸಾಲ ಉಳಿಯುವಂತಾಯಿತು. ಕೆಲವು ಗಣಿಗಳು ಮತ್ತೆ ತೆರೆಯಲು ೨೦೧೨ರ ಸೆಪ್ಟೆಂಬರ್ ತಿಂಗಳೇ ಬರಬೇಕಾಯಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಯಾವ ಕಂತು ಕಾದೀತು? ಪೂರ್ತಿ ನಗದು ಕೊಟ್ಟು ಕೊಂಡವನ ಲಾರಿಯೂ ನಿಂತಿತ್ತು. ಆದರೆ ಅದು ಅವನ ಮನೆಯ ಮುಂದೆ ನಿಂತಿತ್ತು. ಅವನು ಅದನ್ನು ಜೋಳಕ್ಕೋ, ಇಟ್ಟಿಗೆಗೋ, ಈರುಳ್ಳಿಗೋ ಹಚ್ಚಿ, ಅರ್ಧ ಬಾಡಿಗೆಗಾದರೂ ಓಡಿಸಿ, ಕೆಟ್ಟ ಕಾಲವನ್ನು ಕಳೆಯಬಹುದಾಗಿತ್ತು.

ಒಂಬತ್ತು ವರ್ಷಗಳ ಮೇಲೆ ಅದೇ ಪಾಠ ದೇಶಕ್ಕೆಲ್ಲ ಆಯಿತು. ೨೦೨೦ರ ಮಾರ್ಚ್ ೨೫ರಿಂದ ಲಾಕ್‌ಡೌನ್ ಆದಾಗ ಮಾಕಳಿಯ ರಸ್ತೆಯೂ ಭಣಗುಟ್ಟಿತು. ಮಾರ್ಚ್ ೨೭ರಂದು ರಿಸರ್ವ್ ಬ್ಯಾಂಕು ಕಂತುಗಳಿಗೆ ಮೂರು ತಿಂಗಳ ಬಿಡುವು ಕೊಡಲು ಅವಕಾಶ ಮಾಡಿ, ಅನಂತರ ಆಗಸ್ಟ್ ೩೧ರವರೆಗೆ ವಿಸ್ತರಿಸಿತು. ಬಿಡುವು ಕಂತಿಗೆ ಮಾತ್ರ. ಬಡ್ಡಿ ಬೆಳೆಯುತ್ತಲೇ ಇತ್ತು. ಆ ಅವಧಿಯಲ್ಲಿ ಬಡ್ಡಿಯ ಮೇಲೆ ಬಡ್ಡಿ ಹಾಕಕೂಡದೆಂದು ಸರ್ವೋಚ್ಚ ನ್ಯಾಯಾಲಯ ೨೦೨೧ರ ಮಾರ್ಚಿಯಲ್ಲಿ ಹೇಳಬೇಕಾಯಿತು. ಎರಡು ಸಂದರ್ಭಗಳಲ್ಲಿಯೂ ಲಾರಿಯವನು ತಪ್ಪು ಮಾಡಿರಲಿಲ್ಲ, ರಸ್ತೆ ತಪ್ಪಿತ್ತು. ಅವನ ವರಮಾನ ಬೇರೆಯವರ ಕೈಯಲ್ಲಿದೆ: ಗಣಿ, ಮಾರುಕಟ್ಟೆ, ಮಳೆ, ಡೀಸೆಲ್ ಬೆಲೆ, ನ್ಯಾಯಾಲಯ, ಸಾಂಕ್ರಾಮಿಕ ರೋಗ. ಕಂತು ಮಾತ್ರ ಪಂಚಾಂಗದ ಕೈಯಲ್ಲಿದೆ. ಬಂಡಿಯವನ ಸಾಲ ಸುಗ್ಗಿಗೆ ಕಾಯುತ್ತಿತ್ತು ಎಂದೆನಲ್ಲವೆ? ಲಾರಿಯ ಕಂತಿಗೆ ಸುಗ್ಗಿಯೂ ಇಲ್ಲ, ಆಷಾಢವೂ ಇಲ್ಲ. ಪ್ರತಿ ತಿಂಗಳ ಐದನೆಯ ತಾರೀಖೋ ಹತ್ತನೆಯ ತಾರೀಖೋ ಅಷ್ಟೆ. ನಗದೋ ಕಂತೋ ಎಂಬ ಪ್ರಶ್ನೆಯ ತಿರುಳು ಇರುವುದು ಇಲ್ಲಿ. ಬಡ್ಡಿಯ ದರಕ್ಕಿಂತ ಮೊದಲು ವಿಚಾರಿಸಬೇಕಾದ್ದು, ಲಾರಿ ಎಷ್ಟು ದಿನ ನಿಂತರೂ ನನ್ನದಾಗಿ ಉಳಿದೀತು ಎಂಬುದು.

ಆ ದೃಷ್ಟಿಯಿಂದ ನೋಡಿದರೆ ನಮ್ಮ ಚಾಲಕನಿಗೆ ಹೇಳಬೇಕಾದ ಮಾತು ಚಹದಂಗಡಿಯ ಎರಡು ಮಾತುಗಳ ನಡುವೆ ಇದೆ. ಕೈಯಲ್ಲಿ ೧೦ ಲಕ್ಷ ಇದ್ದರೆ ಹತ್ತನ್ನೂ ಲಾರಿಗೆ ಸುರಿಯಬೇಡ. ಏಳನ್ನು ಕೊಟ್ಟು ಮೂರನ್ನು ಬ್ಯಾಂಕಿನಲ್ಲಿ ಇಡು. ಏಳಕ್ಕೇ ಒಳ್ಳೆಯ ಲಾರಿ ಸಿಕ್ಕಿದರೆ ಸಾಲವೇ ಬೇಡ. ಹತ್ತರದೇ ಬೇಕೆಂದರೆ ಉಳಿದ ಮೂರನ್ನು ಮಾತ್ರ ಸಾಲ ತೆಗೆ. ಅದೇ ನೂರಕ್ಕೆ ಹತ್ತರ ಫ್ಲ್ಯಾಟ್ ಲೆಕ್ಕದಲ್ಲಿ ಎರಡು ವರ್ಷಕ್ಕೆ ಬಡ್ಡಿ ೬೦ ಸಾವಿರ, ತಿಂಗಳ ಕಂತು ೧೫ ಸಾವಿರ. ಇಪ್ಪತ್ತೈದು ಸಾವಿರದ ಕಂತಿಗೂ ಇದಕ್ಕೂ ಇರುವ ಅಂತರ ಒಂದು ಸಂಸಾರದ ತಿಂಗಳ ಅಕ್ಕಿ ಬೇಳೆ. ಆ ೬೦ ಸಾವಿರ ದಂಡವೆಂದು ತಿಳಿಯಬೇಡ. ಬ್ಯಾಂಕಿನಲ್ಲಿ ಕುಳಿತ ಮೂರು ಲಕ್ಷ ಆಪತ್ಕಾಲಕ್ಕೆ ನಿನ್ನದಾಗಿ ಉಳಿಯುವುದಕ್ಕೆ ಕೊಟ್ಟ ಬೆಲೆ. ಕೈಯಲ್ಲಿ ಮೂರೇ ಲಕ್ಷ ಇದ್ದರೆ? ಆಗಲೂ ಸಾಲ ಮಾಡಬಾರದೆಂದಲ್ಲ. ಆದರೆ ಕಂತನ್ನು ಒಳ್ಳೆಯ ತಿಂಗಳ ಬಾಡಿಗೆಯೊಂದಿಗೆ ತೂಗಿ ನೋಡಬೇಡ. ಆಷಾಢದ, ಮಳೆಗಾಲದ ಸಪ್ಪೆ ತಿಂಗಳ ಬಾಡಿಗೆಯಲ್ಲಿ ಡೀಸೆಲ್, ಟೋಲ್, ಮನೆಖರ್ಚು ಕಳೆದು ಕಂತು ಹೊರಟೀತೇ ನೋಡು. ಹೊರಡದಿದ್ದರೆ ಚಿಕ್ಕ ಲಾರಿಯಾಗಲಿ, ಇನ್ನೂ ಒಂದು ವರ್ಷ ಧಣಿಯ ಲಾರಿಯಾಗಲಿ ವಾಸಿ.

ಹಳೆಯ ಲಾರಿಯವನು ನೋಡಬೇಕಾದ ಇನ್ನೂ ಒಂದೆರಡು ಸಂಗತಿಗಳಿವೆ. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷವೂ ಎಫ್.ಸಿ. ಆಗಬೇಕು, ಆ ಹೊತ್ತಿಗೆ ಖರ್ಚೂ ಏರಿರುತ್ತದೆ. ಆದ್ದರಿಂದ ಲಾರಿ ಸೊರಗುವ ಮೊದಲು ಸಾಲ ಮುಗಿಯಬೇಕು. ಕಂತು ಕಡಿಮೆಯಾಗಲೆಂದು ವರ್ಷಗಳನ್ನು ಹಿಗ್ಗಿಸಿದರೆ ಲಾರಿಗಿಂತ ಸಾಲಕ್ಕೆ ಆಯುಸ್ಸು ಹೆಚ್ಚಾಗ

ುತ್ತದೆ. ಇನ್ನೊಂದು, ನಗದು ಕೊಡುವವನೇ ಹೆಚ್ಚು ಎಚ್ಚರದಿಂದ ನೋಡಬೇಕಾದದ್ದು: ಹಿಂದಿನ ಮಾಲಿಕನ ಸಾಲ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೧ನೆಯ ಪ್ರಕರಣದಂತೆ ಸಾಲ ಕೊಟ್ಟವರ ಹೆಸರು ಆರ್.ಸಿ.ಯಲ್ಲಿ ದಾಖಲಾಗಿರುತ್ತದೆ, ಅವರ ಬರಹದ ಒಪ್ಪಿಗೆ ಇಲ್ಲದೆ ಒಡೆತನ ವರ್ಗವಾಗುವುದಿಲ್ಲ. ಸಾಲ ತೀರಿದೆ ಎಂಬ ಬಾಯಿಮಾತು ಸಾಲದು. ೩೫ನೆಯ ನಮೂನೆಯಲ್ಲಿ ಅವರ ರುಜುವಾಗಿ, ಆರ್.ಟಿ.ಒ. ಕಚೇರಿಯಲ್ಲಿ ಆ ಹೆಸರು ತೆಗೆದುಹೋಗಿ, ೨೯ ಮತ್ತು ೩೦ನೆಯ ನಮೂನೆಗಳಲ್ಲಿ ಲಾರಿ ನಿಮ್ಮ ಹೆಸರಿಗೆ ಬಂದಮೇಲೆಯೇ ಅದು ನಿಮ್ಮದು. ಇಲ್ಲದಿದ್ದರೆ ನೀವು ಹತ್ತು ಲಕ್ಷ ಎಣಿಸಿ ಕೊಟ್ಟು, ಆ ಇಂಗ್ಲೆಂಡಿನ ಗಿರವಿಯವನ ಸ್ಥಾನದಲ್ಲಿ ಕುಳಿತಂತೆ.

ಸಾಲ ತೆಗೆದವನಿಗೂ ಒಂದು ಮಾತು. ಕಂತು ತಪ್ಪುವ ಸೂಚನೆ ಕಂಡರೆ ಲಾರಿಯನ್ನು ಬಚ್ಚಿಟ್ಟು ಓಡಾಡುವುದಕ್ಕಿಂತ, ತಪ್ಪುವ ಮೊದಲೇ ಕಚೇರಿಗೆ ಹೋಗಿ ವಾಯಿದೆ ಬದಲಾಯಿಸಿಕೊಡಿರೆಂದು ಬರವಣಿಗೆಯಲ್ಲಿ ಕೇಳುವುದು ಮೇಲು. ವಾಹನ ಸಾಲದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ, ೨೦೦೭ರಲ್ಲಿ, ಬಲವಂತಕ್ಕೆ ಆಳುಗಳನ್ನು ಬಿಟ್ಟು ವಾಹನ ಕಸಿಯುವ ಪದ್ಧತಿಯನ್ನು ಖಂಡಿಸಿ, ವಸೂಲಿ ಕಾನೂನಿನ ಮಾರ್ಗದಲ್ಲಿಯೇ ನಡೆಯಬೇಕೆಂದು ಹೇಳಿದೆ. ಜಾರಿಗೆ ಬಾರದ ೧೯೭೨ರ ಕಾಯಿದೆಯ ಆಸರೆ ಇಲ್ಲದಿದ್ದರೂ ಈ ಮಾತಿನ ಆಸರೆ ಉಂಟು. ಸಾಲದ ಕರಾರುಪತ್ರದ ಒಂದು ಪ್ರತಿಯನ್ನು ಕೇಳಿ ಪಡೆದು, ಓದಿಸಿ ಕೇಳಿ, ಮನೆಯಲ್ಲಿಟ್ಟುಕೊಂಡವನು ಮಾತ್ರ ಅದನ್ನು ಬಳಸಿಕೊಳ್ಳಬಲ್ಲ.

ಸಂಜೆ ಮಾಕಳಿಯ ರಸ್ತೆಯ ಬದಿಯಲ್ಲಿ ಬಣ್ಣ ಬರೆಯುವವನೊಬ್ಬ ಲಾರಿಯ ಬಾಗಿಲ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಕೆಲಸ ಮಾಡುತ್ತಿರುವುದು ನಿಮ್ಮ ಕಣ್ಣಿಗೆ ಬಿದ್ದರೆ ಒಂದು ಗಳಿಗೆ ನಿಲ್ಲಿ. ಹೊಸ ಹೆಸರು ಬರೆಯುತ್ತಿದ್ದಾನೆಯೇ, ಹಳೆಯದನ್ನು ಅಳಿಸುತ್ತಿದ್ದಾನೆಯೇ ನೋಡಿ. ಕೊನೆಯ ಕಂತು ಕಟ್ಟಿ, ಕಾಗದ ಬಿಡಿಸಿಕೊಂಡು ಬಂದ ಮಾಲಿಕ ಆ ಎರಡನೆಯ ಹೆಸರಿನ ಮೇಲೆ ಬಣ್ಣ ಬಳಿಸುವ ದಿನ ಅವನ ಮನೆಯಲ್ಲಿ ಹಬ್ಬ. ಅವನು ಸಾಲಮಾಡಿ ತಂದನೋ ನಗದು ಕೊಟ್ಟು ತಂದನೋ ಎಂದು ಆಮೇಲೆ ಯಾರೂ ಕೇಳುವುದಿಲ್ಲ. ಕೆಟ್ಟ ವರ್ಷ ಬಂದಾಗ ಲಾರಿ ಅವನ ಮನೆಯ ಮುಂದೆಯೇ ಉಳಿಯಿತೇ ಎಂಬುದನ್ನು ಮಾತ್ರ ಕೇಳುತ್ತಾರೆ.